ತುಮಕೂರು ನಗರ ಶಾಸಕರಿಗೆ, ಒಂದು ಚಿಪ್ಪಿನ ವಿಚಾರ

ಮಾನ್ಯ ಶಾಸಕರೇ, ನಮಸ್ಕಾರ.

ರಸ್ತೆ ಗುಂಡಿ, ಹೇಮಾವತಿ ನೀರು ಅಂತ ನಿಮಗೆ ದಿನಾ ಪತ್ರ ಬರುತ್ತವೆ. ಇದು ಬಸವನಹುಳುವಿನ ಚಿಪ್ಪಿನ ಬಗ್ಗೆ. ನಗಬೇಡಿ, ಸ್ವಲ್ಪ ಓದಿ.

ನಮ್ಮ ಅಕ್ಕನ ಮಗಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪಿಯುಸಿಗೆ ಸೈನ್ಸ್ ಕೇಳಿದಳು. "ಪ್ರಾಕ್ಟಿಕಲ್ ಹೆಂಗಮ್ಮ ಮಾಡ್ತೀಯ? ಸುಮ್ನೆ ಆರ್ಟ್ಸ್ ತಗೊ" ಎಂದು ಕಾಲೇಜಿನವರು ಫಾರಂ ವಾಪಸ್ ಕೊಟ್ಟರು. ಗದರಲಿಲ್ಲ, ಅಯ್ಯೋ ಪಾಪ ಅಂದರು. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಗೀರಾಟ್ ವರ್ಮೇ ಎಂಬ ವಿಜ್ಞಾನಿ 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದರು. ಮೂರು ವರ್ಷಕ್ಕೇ ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಯಿತು. ಮನೆಯವರು ಅಮೆರಿಕಕ್ಕೆ ಬಂದ ಮೇಲೆ, ನಾಲ್ಕನೇ ಕ್ಲಾಸಿನ ಟೀಚರ್ ಫ್ಲೋರಿಡಾದ ಚಿಪ್ಪುಗಳನ್ನು ತಂದು ಕಿಟಕಿ ಕಟ್ಟೆಯ ಮೇಲೆ ಇಟ್ಟಿದ್ದರು. ಹುಡುಗ ಮುಟ್ಟಿ ನೋಡಿದ. ಆಮೇಲೆ ಆ ಚಿಪ್ಪುಗಳನ್ನು ಬಿಡಲೇ ಇಲ್ಲ.

ಯೇಲ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಕೇಳಿಕೊಂಡು ಹೋದಾಗ ಅಲ್ಲೂ ಇದೇ ಅನುಮಾನ. ಮ್ಯೂಸಿಯಂಗೆ ಕರೆದೊಯ್ದು ಕೈಗೊಂದು ಚಿಪ್ಪು ಕೊಟ್ಟು, ಇದೇನು ಎಂದರು. ವರ್ಮೇ ಬೆರಳಾಡಿಸಿ 'ಹಾರ್ಪಾ' ಎಂದರು, ಅದೊಂದು ಕಡಲ ಬಸವನಹುಳುವಿನ ಹೆಸರು. ಇನ್ನೊಂದಕ್ಕೆ 'ಆಲಿವಾ'. ಎರಡೂ ಸರಿ! 1971ರಲ್ಲಿ ಪಿಎಚ್‌ಡಿ ಆಯಿತು, 1992ರಲ್ಲಿ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

ಏಡಿ, ಮೀನುಗಳು ಚಿಪ್ಪು ಒಡೆಯುವುದರಲ್ಲಿ ಪಳಗಿದ ಹಾಗೆಲ್ಲ ಬಸವನಹುಳುಗಳ ಚಿಪ್ಪು ದಪ್ಪವಾಗುತ್ತ, ಬಾಯಿ ಕಿರಿದಾಗುತ್ತ ಬಂತು ಎಂದು ತೋರಿಸಿದವರು ಇವರು. ಕೋಟ್ಯಂತರ ವರ್ಷಗಳ ಜಗಳ ಅದು. ಅದಕ್ಕೆ ಸಾಕ್ಷಿ ಚಿಪ್ಪಿನ ಮೇಲಿನ ಗಾಯದ ಗೆರೆ. ಏಡಿ ಒಡೆದಿದ್ದನ್ನು ಬದುಕುಳಿದ ಹುಳು ಮತ್ತೆ ಕಟ್ಟಿಕೊಂಡ ಗುರುತು.

ಹೋದ ತಿಂಗಳು ಅಮಾನಿಕೆರೆ ದಡದಲ್ಲಿ ಸಿಕ್ಕ ಖಾಲಿ ಚಿಪ್ಪೊಂದನ್ನು ಹುಡುಗಿಯ ಕೈಗಿಟ್ಟೆ. ಸುರುಳಿ ಎಣಿಸಿದಳು. ಬಾಯಿಯ ಹತ್ತಿರ ಉಗುರು ತಡೆಯಿತು. "ಮಾಮ, ಇಲ್ಲಿ ಒಡೆದು ಮತ್ತೆ ಬೆಳೆದಿದೆ, ಅಲ್ವಾ?" ನಾನು ಕನ್ನಡಕ ಹಾಕಿಕೊಂಡು, ಬಿಸಿಲಿಗೆ ಹಿಡಿದು ನೋಡಿದ ಮೇಲಷ್ಟೇ ಆ ಗೆರೆ ಕಂಡಿತು.

ಓದಿನಲ್ಲಿ ಭೇದ ಮಾಡಬಾರದು ಅಂತ 2016ರ ಅಂಗವಿಕಲರ ಕಾಯ್ದೆಯೇ ಹೇಳುತ್ತದೆ. ಅದನ್ನು ಕಾಲೇಜುಗಳಿಗೆ ನೀವೊಮ್ಮೆ ನೆನಪಿಸಿ. ನಿಮ್ಮ ನಿಧಿಯಿಂದ ಸರ್ಕಾರಿ ಪಿಯು ಕಾಲೇಜುಗಳ ಲ್ಯಾಬಿಗೆ ಮುಟ್ಟಿ ಕಲಿಯುವ ಮಾದರಿಗಳು, ಬ್ರೈಲ್ ಚೀಟಿ ಅಂಟಿಸಿದ ಸೀಸೆಗಳು ಬರಲಿ. ಜಾಸ್ತಿ ದುಡ್ಡೇನೂ ಬೇಕಾಗುವುದಿಲ್ಲ. ಕಿಟಕಿ ಕಟ್ಟೆಯಂತೂ ಎಲ್ಲ ಕಾಲೇಜಿನಲ್ಲೂ ಇದೆ.

ಅಡ್ಮಿಷನ್ ಮುಗಿಯಲು ಇನ್ನು ಕೆಲವೇ ದಿನ. ಅವಳ ಫಾರಂ ನಮ್ಮ ಮನೆ ಟೀವಿ ಮೇಲೆ, ಆ ಚಿಪ್ಪಿನ ಅಡಿಯಲ್ಲಿದೆ.

ಇಂತಿ,
ಚಿಕ್ಕಪೇಟೆಯ ಒಬ್ಬ ಮತದಾರ