ಅಮ್ಮನ ಮಾತ್ರೆ ಕವರ್ ಮೇಲೆ ಬರ್ದಿದ್ದು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ಸರ್, ನಾವು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿರೋರು. ನಾನು ಒಂದು ಸಣ್ಣ ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಅಮ್ಮಂಗೆ 67 ವರ್ಷ, ಕೀಲುವಾತ ಇದೆ, ಬೆಳಿಗ್ಗೆ ಎದ್ದಾಗ ಕೈ ಬೆರಳು ಮಡಚೋಕೂ ಆಗಲ್ಲ. ಕಳೆದ ವರ್ಷ ಡಾಕ್ಟ್ರು ಎರಡು ಮಾತ್ರೆ ಬರ್ಕೊಟ್ರು, ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಿಕ್ಕಿದ ದಿನಗಳಲ್ಲಿ. ನಮಗೆ ಸಿಕ್ಕಿದ್ದು ಎರಡೂ ಪುಟ್ಟ ಹಳದಿ ಮಾತ್ರೆ. ಮೆಡಿಕಲ್ ಶಾಪ್‌ನಲ್ಲಿದ್ದ ಹುಡ್ಗ ಕವರ್ ಮೇಲೆ ಅದಲು ಬದಲು ಬರ್ದುಬಿಟ್ಟ, ವಾರಕ್ಕೊಂದು ದಿನದ್ದಕ್ಕೆ ದಿನಾ ಅಂತ, ದಿನಾ ತಗೊಳ್ಳೋದಕ್ಕೆ ಭಾನುವಾರ ಅಂತ. ಅಮ್ಮಂಗೆ ಸ್ಟ್ರಿಪ್ ಮೇಲಿನ ಇಂಗ್ಲಿಷ್ ಓದೋಕೆ ಬರಲ್ಲ, ಕವರ್ ಮೇಲಿನ ಕನ್ನಡ ಓದ್ಕೊಂಡು ಹನ್ನೊಂದು ದಿನ ಒಂದಿನಾನೂ ತಪ್ಪಿಸದೆ ನುಂಗಿದ್ರು.

ಹತ್ತನೇ ದಿನಕ್ಕೆ ಬಾಯೆಲ್ಲಾ ಹುಣ್ಣು, ಗಂಜಿ ಕೂಡ ಇಳೀತಿರ್ಲಿಲ್ಲ, ಆಮೇಲೆ ಜ್ವರ. ಆಸ್ಪತ್ರೆಗೆ ಕರ್ಕೊಂಡೋದಾಗ ರಕ್ತದಲ್ಲಿ ಬಿಳಿ ಕಣ ಪೂರ್ತಿ ಕುಸಿದಿತ್ತು. ಐಸಿಯುನಲ್ಲಿ ಆರು ದಿನ, ಮೆಥೋಟ್ರೆಕ್ಸೇಟ್ ವಿಷ ಇಳಿಸೋಕೆ ಲ್ಯುಕೊವೊರಿನ್ ಅನ್ನೋ ಇಂಜೆಕ್ಷನ್. ಅಲ್ಲಿದ್ದ ಡ್ಯೂಟಿ ಡಾಕ್ಟ್ರೇ ಆ ಕವರ್ ನೋಡಿ ನನ್ನ ಮುಖ ನೋಡಿದ್ರು, ಏನೂ ಹೇಳ್ಲಿಲ್ಲ, ಕವರ್ ಬಿಸಾಕ್ಬೇಡಿ ಅಂದ್ರು ಅಷ್ಟೇ. ಆ ಡಾಕ್ಟ್ರಮ್ಮಂಗೆ ನಾನು ಜನ್ಮ ಇರೋವರ್ಗೂ ಋಣಿ, ಯಾಕಂದ್ರೆ ಇವತ್ತು ನನ್ನ ಹತ್ರ ಇರೋ ಗಟ್ಟಿ ಸಾಕ್ಷಿ ಅಂದ್ರೆ ಅದೊಂದೇ.

ಅಮ್ಮ ಬದುಕಿ ಮನೆಗೆ ಬಂದ್ರು. ಆಮೇಲೆ ಶುರುವಾಯ್ತು ನೋಡಿ ಓಡಾಟ. ಅಂಗಡಿಯವ್ರು ಚೀಟಿ ಸರಿಯಾಗಿ ಓದೋಕೆ ಆಗ್ತಿರ್ಲಿಲ್ಲ ಅಂದ್ರು, ಕ್ಲಿನಿಕ್‌ನವ್ರು ನಾವು ಸರಿಯಾಗೇ ಬರ್ದಿದೀವಿ ಅಂದ್ರು. ಪೊಲೀಸ್ ಸ್ಟೇಷನ್‌ನಲ್ಲಿ ಇದು ಸಿವಿಲ್ ಮ್ಯಾಟರ್ ಅಂದ್ರು. ಅರಮನೆ ರಸ್ತೆಯ ಔಷಧ ನಿಯಂತ್ರಣ ಇಲಾಖೆ, ಕೆ.ಜಿ. ರಸ್ತೆಯ ಡಿಸಿ ಆಫೀಸ್, ಮೆಡಿಕಲ್ ಕೌನ್ಸಿಲ್, ಎಲ್ಲಾ ಕಡೆ ಹೋದೆ, ಎಲ್ಲರೂ ಮರ್ಯಾದೆಯಿಂದಾನೇ ಮಾತಾಡಿಸಿದ್ರು, ಆದ್ರೆ ಎಲ್ಲರೂ ಬೇರೆ ಬಾಗ್ಲು ತೋರ್ಸಿದ್ರು. ಒಂದೊಂದು ಆಫೀಸಿಗೂ ಅರ್ಧ ದಿನ ರಜೆ.

ಆರು ತಿಂಗಳು ತಿರುಗಿದ ಮೇಲೆ ನನಗೆ ಗೊತ್ತಾಗಿದ್ದೇನಂದ್ರೆ ಕಾನೂನು ಇದೆ, ಸಾಕಷ್ಟೇ ಇದೆ, ಆದ್ರೆ ಚೂರು ಚೂರಾಗಿ ಬೇರೆ ಬೇರೆ ಕಡೆ ಬಿದ್ದಿದೆ. ಡಾಕ್ಟ್ರ ತಪ್ಪಿದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್, ಅವ್ರು ಎಚ್ಚರಿಕೆ ಕೊಡಬಹುದು, ರಿಜಿಸ್ಟರ್‌ನಿಂದ ಹೆಸರು ತೆಗೀಬಹುದು, ಆದ್ರೆ ಒಂದು ರೂಪಾಯಿ ಪರಿಹಾರ ಕೊಡ್ಸೋಕಾಗಲ್ಲ. ಖಾಸಗಿ ಆಸ್ಪತ್ರೆ ಮೇಲಾದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ. ಮೆಡಿಕಲ್ ಶಾಪ್ ಆದ್ರೆ ಔಷಧ ನಿಯಂತ್ರಣ ಇಲಾಖೆ, ಯಾಕಂದ್ರೆ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿ ನೋಡಿ ಔಷಧಿ ಕೊಡ್ಬೇಕಾದೋರು ರಿಜಿಸ್ಟರ್ಡ್ ಫಾರ್ಮಸಿಸ್ಟ್. ನಮ್ಮ ಅಮ್ಮಂಗೆ ಕೊಟ್ಟ ಹುಡ್ಗ ಫಾರ್ಮಸಿಸ್ಟ್ ಆಗಿರ್ಲಿಲ್ಲ, ಗೋಡೆ ಮೇಲೆ ಫ್ರೇಮ್ ಹಾಕಿದ್ದ ಸರ್ಟಿಫಿಕೇಟ್ ಬೇರೆಯವ್ರದ್ದು. ಆ ಹುಡುಗನ್ನ ಜೈಲಿಗೆ ಹಾಕ್ಬೇಕು ಅಂತ ನಾನು ಕೇಳ್ತಿಲ್ಲ ಸರ್, ಅವನೂ ಯಾರದ್ದೋ ಮನೆ ಮಗ. ಅವನನ್ನ ಕೌಂಟರ್‌ನಲ್ಲಿ ಒಬ್ಬನ್ನೇ ನಿಲ್ಲಿಸಿದೋರು ಉತ್ತರ ಕೊಡ್ಲಿ.

ಪರಿಹಾರ ಬೇಕಂದ್ರೆ ಗ್ರಾಹಕರ ಆಯೋಗ. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಕೇಸಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಚಿಕಿತ್ಸೆನೂ ಗ್ರಾಹಕ ಕಾನೂನಿನ ಒಳಗೇ ಬರುತ್ತೆ ಅಂತು. ಈಗಿರೋದು 2019ರ ಕಾಯ್ದೆ, ನಾವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ದೂರಿಗೆ ಶುಲ್ಕಾನೇ ಇಲ್ಲ, ವಕೀಲರು ಇಲ್ಲದೆ ನಾವೇ ವಾದ ಮಾಡಬಹುದು, ನಾವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ವಕೀಲರು ಬೇಕೇ ಬೇಕು ಅಂದ್ರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸ್ರಿಗೆ ಆದಾಯ ನೋಡದೆ ಉಚಿತವಾಗಿ ಕೊಡ್ತಾರೆ, 15100ಕ್ಕೆ ಫೋನ್ ಮಾಡಿದ್ರೆ ಸಾಕು. ಇದನ್ನ ನನಗೆ ಹೇಳಿದ್ದು ಶಾಂತಿನಗರದ ಆಯೋಗದ ಹೊರಗೆ ಬೆಂಚ್ ಮೇಲೆ ಕೂತಿದ್ದ ಒಬ್ಬ ಅಜ್ಜ, ನಾನು ಹೋದ ಆಫೀಸುಗಳಲ್ಲಿ ಯಾರೂ ಹೇಳ್ಲಿಲ್ಲ.

ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಕೇಸಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1998ರ ತೀರ್ಪನ್ನ ನಾನು ರಾತ್ರಿ ಕೂತು ಓದಿದೆ. ಟೈಫಾಯ್ಡ್ ಬಂದ ಮಗುವಿಗೆ ಕ್ಲೋರಾಂಫೆನಿಕಾಲ್ ಕೊಡೋ ಬದ್ಲು ನರ್ಸ್ ಕ್ಲೋರೋಕ್ವಿನ್ ಚುಚ್ಚಿದ್ರು, ಮಗುವಿನ ಮೆದುಳಿಗೆ ಏಟು ಬಿತ್ತು. ರಾಷ್ಟ್ರೀಯ ಗ್ರಾಹಕರ ಆಯೋಗ ಮಗುವಿಗೆ 12.5 ಲಕ್ಷ, ಅಪ್ಪ ಅಮ್ಮನ ಸಂಕಟಕ್ಕೆ ಬೇರೆ 5 ಲಕ್ಷ ಕೊಡ್ಸಿತ್ತು, ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ಮನೆಯವ್ರು ಪಡೋ ಪಾಡಿಗೂ ಲೆಕ್ಕ ಇದೆ ಅಂತ ಓದಿದಾಗ ನನಗೆ ಅಳು ಬಂತು.

ಆದ್ರೆ ಸರ್, ಗ್ರಾಹಕರ ಆಯೋಗದ ಬಾಗಿಲು ತೆರೆದಿರೋದು ಎರಡು ವರ್ಷ ಮಾತ್ರ. ತಡ ಆದ್ರೆ ಕಾರಣ ಕೊಟ್ಟು ಬೇಡ್ಕೋಬೇಕು. ಆ ಎರಡು ವರ್ಷದಲ್ಲಿ ನನಗೆ ಐದು ತಿಂಗಳು ಹೋಗಿದ್ದು ಬರೀ ಕಾಗದ ಪತ್ರ ಕೇಳೋದ್ರಲ್ಲಿ. ವೈದ್ಯರ ನಡವಳಿಕೆಯ 2002ರ ನಿಯಮದಲ್ಲಿ ಸ್ಪಷ್ಟವಾಗಿದೆ, ರೋಗಿ ಕೇಳಿದ್ರೆ 72 ಗಂಟೆ ಒಳಗೆ ದಾಖಲೆ ಕೊಡ್ಬೇಕು ಅಂತ. ನಾನು ಹೋದಲ್ಲೆಲ್ಲಾ ಮೆಡಿಕಲ್ ರೆಕಾರ್ಡ್ಸ್‌ನವ್ರು ರಜೆ, ಎಂಡಿ ಸೈನ್ ಆಗ್ಬೇಕು, ಇನ್ಶೂರೆನ್ಸ್‌ಗೆ ಕಳ್ಸಿದೀವಿ, ನಾಳೆ ಬನ್ನಿ. ಕೊನೆಗೆ ಸಿಕ್ಕಿದ್ದು ಡಿಸ್ಚಾರ್ಜ್ ಸಮ್ಮರಿ ಒಂದೇ, ಅದರಲ್ಲಿ ಯಾವ ಮಾತ್ರೆ ಎಷ್ಟು ದಿನ ಜಾಸ್ತಿ ಹೋಯ್ತು ಅಂತ ಒಂದು ಸಾಲೂ ಇಲ್ಲ. ನಾನು ಲೆಕ್ಕ ಬರೆಯೋಳು, ಯಾವ ವೋಚರ್ ಕಳೆದು ಹೋದ್ರೆ ಯಾರಿಗೆ ಲಾಭ ಅಂತ ನನಗೆ ಗೊತ್ತಾಗುತ್ತೆ. ಕೇಸ್ ನಿಲ್ಲೋದು ಕಾಗದದ ಮೇಲೆ, ಆ ಕಾಗದ ಇರೋದು ಯಾರ ಮೇಲೆ ದೂರು ಕೊಡ್ಬೇಕೋ ಅವ್ರ ಬೀರುವಿನಲ್ಲಿ. ನಾನು ಅಂಗಡಿಯಿಂದ ಬಿಲ್ ಕೂಡ ತಗೊಂಡಿರ್ಲಿಲ್ಲ, ಯುಪಿಐ ಮೆಸೇಜ್ ಇದ್ದಿದ್ದಕ್ಕೆ ಬಚಾವಾದೆ.

ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ತೀರ್ಕೊಂಡಾಗ ಸರ್ಕಾರ ಎದ್ದು ನಿಂತು ತನಿಖೆ ಮಾಡಿಸ್ತು. ಮಾಡಿಸ್ಲೇಬೇಕಿತ್ತು. ಆದ್ರೆ ಒಬ್ಬರೇ ಒಬ್ಬರಿಗೆ, ಒಂದು ಗಲ್ಲಿಯ ಒಂದು ಮನೆಯಲ್ಲಿ ಆದಾಗ ಅದು ಎಣಿಕೆಗೇ ಬರಲ್ಲ. ಔಷಧಿಯಿಂದಾದ ತೊಂದರೆ ತಿಳ್ಸೋಕೆ ಕೇಂದ್ರದ 1800-180-3024 ನಂಬರ್ ಇದೆ, ಎಷ್ಟು ಮೆಡಿಕಲ್ ಶಾಪ್ ಗೋಡೆ ಮೇಲೆ ನೋಡಿದೀರ ಸರ್ ಅದನ್ನ? ನಾನಂತೂ ಒಂದು ಕಡೇನೂ ನೋಡಿಲ್ಲ.

ನಾನು ಕೇಳ್ತಿರೋದು ಹೊಸ ಕಾಯ್ದೆ ಅಲ್ಲ. ಬೆಂಗಳೂರಲ್ಲಿ ಒಂದು ಕಿಟಕಿ ತೆಗೀರಿ, ಔಷಧಿ ತಪ್ಪಿನ ದೂರು ಒಂದ್ಸಲ ಕನ್ನಡದಲ್ಲಿ ಬರೆದು ಕೊಟ್ರೆ ಕೌನ್ಸಿಲ್‌ಗೆ, ಡಿಸಿಗೆ, ಔಷಧ ಇಲಾಖೆಗೆ ಅವರೇ ಕಳಿಸ್ಲಿ, ಅದೇ ದಿನ ಆ ಆಸ್ಪತ್ರೆಗೆ 72 ಗಂಟೆ ನೋಟಿಸ್ ಹೋಗ್ಲಿ. ಕೊಡದಿದ್ರೆ ಏನಾಗುತ್ತೆ ಅನ್ನೋದು ಆ ನೋಟಿಸ್‌ನಲ್ಲೇ ಇರ್ಲಿ. ಡಿಸ್ಚಾರ್ಜ್ ಸಮ್ಮರಿ ಹಿಂದೆ ಎಲ್ಲಿ ದೂರು ಕೊಡ್ಬೇಕು, ಎಷ್ಟು ದಿನ ಟೈಮ್ ಇದೆ ಅಂತ ಕನ್ನಡದಲ್ಲಿ ಅಚ್ಚು ಹಾಕ್ಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಇದ್ರೆ ಗ್ರಾಹಕರ ಆಯೋಗದ ದಾರಿ ಕೂಡ ಇರಲ್ಲ, ಹೈಕೋರ್ಟೋ ಮಾನವ ಹಕ್ಕು ಆಯೋಗವೋ ಅಂತ ಅಲೀಬೇಕು, ಅಂಥ ಬಡವ್ರಿಗಂತೂ ಈ ಕಿಟಕಿ ಮೊದ್ಲು ತೆರೀಬೇಕು. ವಾರಕ್ಕೊಂದು ಸಲದ ಮಾತ್ರೆ ಕೊಡುವಾಗ ಫಾರ್ಮಸಿಸ್ಟ್ ಖುದ್ದಾಗಿ ಕನ್ನಡದಲ್ಲಿ ಯಾವ ದಿನ ಅಂತ ಬರೆದು, ಓದಿ ಹೇಳಿ, ಸೈನ್ ಹಾಕ್ಲಿ, ಅದಕ್ಕೊಂದು ಸುತ್ತೋಲೆ ಸಾಕು.

ನನ್ನ ದೂರು ಶಾಂತಿನಗರದಲ್ಲಿ ದಾಖಲಾಗಿದೆ, ಮುಂದಿನ ತಿಂಗಳು ಡೇಟ್ ಇದೆ. ಐಸಿಯು ಚಾರ್ಟ್ ಇನ್ನೂ ಕೈಗೆ ಬಂದಿಲ್ಲ. ಅದಕ್ಕೆ ಮುಂಚೆ ನಿಮ್ಮ ಆಫೀಸಿಂದ ಯಾರಾದ್ರೂ ಒಬ್ಬರು ಕರೆದ್ರೆ ಕವರ್, ಸ್ಟ್ರಿಪ್, ಚೀಟಿ ಎಲ್ಲಾ ತಗೊಂಡು ವಿಕಾಸಸೌಧಕ್ಕೆ ಬರ್ತೀನಿ, ಅಮ್ಮನೂ ಬರ್ತೀನಿ ಅಂತಿದಾರೆ.

ಇಂತಿ ತಮ್ಮ ವಿಶ್ವಾಸಿ,
ಮಹಾಲಕ್ಷ್ಮಿ ಲೇಔಟ್‌ನ ಒಬ್ಬ ಮಗಳು