ಮಾಮಾಗೆ ಒಂದು ವರ್ಷದ ಬಾಕಿ

ನೈಜೀರಿಯಾದ ನಮ್ಮ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಹೊತ್ತಿನಲ್ಲೇ ಸೋಲಾರ್ ದೀಪ ಆರಿಹೋಗಿ ನಿನ್ನೆ ರಾತ್ರಿಗೆ ಸರಿಯಾಗಿ ಒಂದು ವರ್ಷ. ಅದಾದ ಮೇಲೆ ಈ ಒಂದು ವರ್ಷದಲ್ಲಿ ಆ ದೀಪ ಒಂದು ರಾತ್ರಿಯೂ ಆರಿಲ್ಲ. ಪೋರ್ಟ್ ಹಾರ್ಕೋರ್ಟ್‌ನಲ್ಲಿರುವ ಗೆಳೆಯರು, ಪಾವಗಡದ ಹಳೇ ಗೆಳೆಯರು ಸುಮಾರು ಜನ ಮೆಸೇಜ್ ಹಾಕಿದ್ದೀರಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಈ ತಿಂಗಳ ಕೊನೆಗೆ ನಮ್ಮ ಸಂಸ್ಥೆಯ ಅಧ್ಯಕ್ಷೆ ಜವಾಬ್ದಾರಿ ಬಿಟ್ಟುಕೊಡುತ್ತಿದ್ದಾರೆ. ಅವರ ಎದುರಿಗೆ ಹೇಳಲಾಗದ ಒಂದು ಮಾತು ಒಂದು ವರ್ಷದಿಂದ ನನ್ನ ಹತ್ತಿರವೇ ಉಳಿದಿದೆ.

ಮೊದಲು ಉಳಿದವರದ್ದು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನರ್ಸ್ ಅಕ್ಕನಿಗೆ, ಲೆಕ್ಕ ಬರೆಯುವ ಸಮಿತಿಯ ಹೆಂಗಸರಿಗೆ, ಬ್ಯಾಟರಿಗಳನ್ನು ದೋಣಿಯಲ್ಲಿ ಒದ್ದೆಯಾಗದಂತೆ ತಂದ ಅಣ್ಣನಿಗೆ, ಯುಗಾದಿ ಊಟದ ದಿನ ಪಂಪ್‌ಸೆಟ್‌ಗೆ ದುಡ್ಡು ಕೂಡಿಸಿದ ಇಲ್ಲಿನ ಕನ್ನಡದವರಿಗೆ, ಕಂಪನಿ ಕೆಲಸ ಬಿಟ್ಟು ಅರ್ಧ ಸಂಬಳಕ್ಕೆ ಹೋಗ್ತೀನಿ ಅಂದಾಗ ಜಗಳ ಆಡಿ ಆಮೇಲೆ ಒಪ್ಪಿದ ನನ್ನ ಹೆಂಡತಿಗೆ ಥ್ಯಾಂಕ್ಸ್.

ಇನ್ನು ಮಾಮಾ, ಅಂದರೆ ನಮ್ಮ ಅಧ್ಯಕ್ಷೆ.

ಇಲ್ಲಿ ದೊಡ್ಡ ಹೆಂಗಸರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮಾಮಾ ಅಂತಾರೆ. ಮೊದಮೊದಲು ನಮ್ಮಮ್ಮ ಫೋನಿನಲ್ಲಿ, "ದಿನಾ ಮಾಮಾ ಬಂದ್ರು, ಮಾಮಾ ಬೈದ್ರು ಅಂತೀಯಲ್ಲ, ಯಾರೋ ಅದು, ಯಾವ ಸೋದರಮಾವ?" ಅಂತ ಕೇಳುತ್ತಿದ್ದರು. ಮಾಮಾ ರಿಟೈರಾದ ಹೆಡ್‌ಮಿಸ್. ವಯಸ್ಸು 68. ಇವತ್ತಿಗೂ ಕೈಚೀಲದಲ್ಲಿ ಸೀಮೆಸುಣ್ಣ ಇರುತ್ತೆ.

ನಮ್ಮ ಹಳ್ಳಿ ನೈಜೀರಿಯಾದ ಒಗೋನಿ ಸೀಮೆಯಲ್ಲಿ, ಬೋರಿ ಪಟ್ಟಣದ ಆಚೆ, ತೊರೆಯ ಪಕ್ಕ. ನೈಜರ್ ಡೆಲ್ಟಾದಲ್ಲಿ ಎಣ್ಣೆ ಸಿಕ್ಕಿದ್ದು 1956ರಲ್ಲಿ, ಒಲೊಯಿಬಿರಿ ಅನ್ನುವ ಊರಿನಲ್ಲಿ. ಒಗೋನಿಯಲ್ಲಿ ಎಣ್ಣೆ ತೆಗೆಯುವುದು 1993ರಲ್ಲೇ ನಿಂತರೂ ಪೈಪುಗಳು ಉಳಿದವು, ಸೋರಿಕೆಯೂ ಉಳಿಯಿತು. ಬೋಡೋ ಕಡೆ 2008 ಮತ್ತು 2009ರಲ್ಲಿ ಪೈಪ್ ಸೋರಿ ತೊರೆಯೆಲ್ಲ ಕಪ್ಪಾಯಿತು. ಈಗಲೂ ನೀರು ಇಳಿದಾಗ ಕೆಸರಿಗೆ ಕಡ್ಡಿ ಚುಚ್ಚಿ ನೋಡಿ, ಗುಂಡಿಯಲ್ಲಿ ನವಿಲುಗರಿ ಬಣ್ಣದ ಪೊರೆ ಕಟ್ಟುತ್ತೆ. ಮಾಮಾ ಅವರ ತಂಗಿ ಮನೆ ಓಗಾಲೆಯಲ್ಲಿ. ಅಲ್ಲಿನ ಬಾವಿ ನೀರಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಜಾಸ್ತಿ ಇದೆ ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗದವರು 2011ರಲ್ಲಿ ವರದಿ ಕೊಟ್ಟರು. ಶುದ್ಧಿ ಮಾಡೋಕೆ 25ರಿಂದ 30 ವರ್ಷ ಬೇಕು ಅಂತ ಅದರಲ್ಲೇ ಬರೆದಿದ್ದರು. ಮಾಮಾ ಆ ಸಾಲನ್ನು ಓದಿ, "ಅಲ್ಲೀತನಕ ನಮ್ಮ ಹೆಣ್ಣುಮಕ್ಕಳು ಕತ್ತಲಲ್ಲಿ ಹೆರೋದಾ?" ಅಂದರಂತೆ. ನಮ್ಮ ಸೋಲಾರ್ ಕೆಲಸ ಶುರುವಾಗಿದ್ದು ಆ ಮಾತಿನಿಂದ.

1993ರ ಜನವರಿ 4ರಂದು ಎಣ್ಣೆ ಕಂಪನಿಯ ವಿರುದ್ಧ ಸುಮಾರು 3 ಲಕ್ಷ ಒಗೋನಿ ಜನ ಬೀದಿಗಿಳಿದರಲ್ಲ, ಆ ಮೆರವಣಿಗೆಯಲ್ಲಿ ಮಾಮಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಿದ್ದರು. ಅದನ್ನು ಎಷ್ಟು ಸಲ ಬೇಕಾದರೂ ಹೇಳುತ್ತಾರೆ. 1995ರ ನವೆಂಬರ್ 10ರ ಬಗ್ಗೆ ಮಾತ್ರ ಹೇಳುವುದಿಲ್ಲ. ಅವತ್ತು ಒಗೋನಿ ಹೋರಾಟದ ಮುಂದಾಳು, ಲೇಖಕ ಕೆನ್ ಸಾರೋ-ವೀವಾ ಮತ್ತು ಇನ್ನೂ 8 ಜನರನ್ನು ಮಿಲಿಟರಿ ಸರ್ಕಾರ ಪೋರ್ಟ್ ಹಾರ್ಕೋರ್ಟ್‌ನಲ್ಲಿ ನೇಣಿಗೆ ಹಾಕಿತು. ನಾನು ಒಂದು ಸಲ ಕೇಳಿದೆ. ಅವರು ಎದ್ದು ಅಡುಗೆಮನೆಗೆ ಹೋದರು. ಇನ್ನೊಂದು ಸಲ ಕೇಳಲಿಲ್ಲ.

ಆ ರಾತ್ರಿಯ ವಿಷಯ ನಿಮಗೆಲ್ಲ ಗೊತ್ತು. ಮಳೆ, ಹೆರಿಗೆ ನೋವಿನಲ್ಲಿದ್ದ ಹುಡುಗಿ, ಹತ್ತೂಮುಕ್ಕಾಲಿಗೆ ಆರಿದ ದೀಪ. ಅದನ್ನೆಲ್ಲ ಮತ್ತೆ ಬರೆಯಲ್ಲ. ಗೊತ್ತಿಲ್ಲದ್ದು ಬರೆಯುತ್ತೇನೆ.

ಇನ್ವರ್ಟರ್ ಕೆಟ್ಟಿದೆ ಅಂತ ಎಲ್ಲರೂ ಅಂದುಕೊಂಡಿದ್ದಿರಿ, ಅಲ್ವಾ? ಇನ್ವರ್ಟರ್ ಸರಿಯಾಗೇ ಇತ್ತು. ಸುಟ್ಟಿದ್ದು ಬ್ಯಾಟರಿ ಕೇಬಲ್ಲಿನ ತುದಿಯ ಲಗ್. ಹೆಬ್ಬೆರಳಿನಷ್ಟು ತಾಮ್ರ. ನಾನು ಪಾವಗಡದ ಸೋಲಾರ್ ಪಾರ್ಕಿನಿಂದ ಬಂದವನು, 2,050 ಮೆಗಾವಾಟ್‌ನ ಜಾಗ. ಸಾವಿರ ವೋಲ್ಟಿನ ಸಾಲುಗಳ ಮೇಲೆ ಕೆಲಸ ಮಾಡಿದವನಿಗೆ ಇಲ್ಲಿನ 48 ವೋಲ್ಟ್ ಆಟದ ಸಾಮಾನಿನ ಥರ ಕಂಡಿತ್ತು. ಆದರೆ ಅಷ್ಟೇ ಶಕ್ತಿಗೆ ವೋಲ್ಟ್ ಕಡಿಮೆ ಆದಷ್ಟೂ ಆಂಪ್, ಅಂದರೆ ತಂತಿಯಲ್ಲಿ ಹರಿಯುವ ಕರೆಂಟು, ಜಾಸ್ತಿ. 48 ವೋಲ್ಟಿನಲ್ಲಿ 5 ಕಿಲೋವಾಟ್ ಎಳೆದರೆ 100 ಆಂಪ್ ದಾಟುತ್ತೆ. ಲಗ್ ಒಂಚೂರು ಸಡಿಲ ಇದ್ದರೂ ಸಾಕು, ಕಾದು ಕಾದು ಒಂದಿನ ಸುಟ್ಟು ಕೂರುತ್ತೆ. ಇಲ್ಲಿನ ಉಪ್ಪು ಗಾಳಿ ಬೇರೆ. ಲಗ್ ಒತ್ತೋಕೆ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಬೇಕು. ನಾನು ಸುತ್ತಿಗೆಯಲ್ಲಿ ಬಡಿದಿದ್ದೆ.

ಬಿಡಿ ಲಗ್ ಪೋರ್ಟ್ ಹಾರ್ಕೋರ್ಟ್‌ನಲ್ಲಿತ್ತು. ರಾತ್ರಿ ಆ ರಸ್ತೆಯಲ್ಲಿ ಯಾರೂ ಹೋಗುವುದಿಲ್ಲ. ಹಳೇ ಜನರೇಟರ್ ಒಂದಿತ್ತು, ಜನ 'ಐ ಬೆಟರ್ ಪಾಸ್ ಮೈ ನೇಬರ್' ಅಂತ ಕರೆಯುವ ಚಿಕ್ಕದು. ಪೆಟ್ರೋಲ್ ಇರಲಿಲ್ಲ. ಕಾಲ ಕೆಳಗೆ ಎಣ್ಣೆ, ತೊರೆಯಲ್ಲಿ ಎಣ್ಣೆ, ಟ್ಯಾಂಕಿನಲ್ಲಿ ಮಾತ್ರ ಇಲ್ಲ.

ಮಾಮಾ ಪಕ್ಕದೂರಿಂದ ಬಾಡಿಗೆ ಬೈಕಿನ ಹಿಂದೆ ಕೂತು, ಮಳೆಯಲ್ಲಿ ನೆಂದು ಬಂದರು. ನನ್ನನ್ನು ನೋಡಲೂ ಇಲ್ಲ. ಜಗಲಿಯಲ್ಲಿ ಕಾಯುತ್ತಿದ್ದವರ ಮುಂದೆ ನಿಂತು, ಕ್ಲಾಸಿನಲ್ಲಿ ಹೋಮ್‌ವರ್ಕ್ ಪುಸ್ತಕ ಕೇಳುವ ಥರ, "ಚಾರ್ಜ್ ಇರೋ ಫೋನೆಲ್ಲ ಇಲ್ಲಿ ಹಾಕಿ" ಅಂದರು. ಏಳು ಫೋನ್ ಬಂದವು. ಮಡಿಲಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಒಂದು ಮುಗಿದ ಮೇಲೆ ಒಂದು, ನರ್ಸ್ ಅಕ್ಕನ ಕೈಗೆ ಬೆಳಕು ಬೀಳುವ ಹಾಗೆ, ಬೆಳಗಿನ ಜಾವ ನಾಲ್ಕರ ತನಕ ಹಿಡಿದು ನಿಂತಿದ್ದರು. ಬಾಗಿಲ ಸಂದಿಯಲ್ಲಿ ನನಗೆ ಕಾಣುತ್ತಿದ್ದುದು ಗೋಡೆ ಮೇಲಿನ ಅವರ ಕೈಯ ನೆರಳು ಮಾತ್ರ. ಆಗಾಗ ಅದು ನಡುಗುತ್ತಿತ್ತು. ಬಲಗೈಯಿಂದ ಎಡಗೈಗೆ ಬದಲಾಗುತ್ತಿತ್ತು. ಮತ್ತೆ ನಿಲ್ಲುತ್ತಿತ್ತು.

ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಅಂದರೆ, ಓಡಿಹೋಗುವ ಲೆಕ್ಕ ಹಾಕುತ್ತಿದ್ದೆ. ನಿಜ ಹೇಳ್ತಿದ್ದೀನಿ. ಮಗು ಉಳಿಯದಿದ್ದರೆ ಬೆಳಗಾಗುವ ಮೊದಲೇ ಹೊರಟುಬಿಡಬೇಕು, ಲಾಗೋಸ್‌ನಿಂದ ಯಾವ ವಿಮಾನ ಸಿಗುತ್ತೆ, ಪಾಸ್‌ಪೋರ್ಟ್ ಎಲ್ಲಿದೆ. ಒಳಗೆ ಆ ಹುಡುಗಿ ಕೂಗಿದಾಗಲೆಲ್ಲ ಕಿವಿ ಮುಚ್ಚಿಕೊಂಡೆ. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತೆ.

ಮಗು ಅತ್ತಿತು. ಸ್ವಲ್ಪ ಹೊತ್ತಾದ ಮೇಲೆ ಮಾಮಾ ಹೊರಗೆ ಬಂದು ಸಿಮೆಂಟ್ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಚೀಲದಿಂದ ಕಾಗದದ ಪೊಟ್ಟಣ ತೆಗೆದು, ತಣ್ಣಗಾಗಿದ್ದ ಸುಟ್ಟ ಬಾಳೆಕಾಯಿ ಮುರಿದು ಅರ್ಧ ಕೊಟ್ಟರು. ಇಲ್ಲಿ ಅದನ್ನು ಬೋಲೆ ಅಂತಾರೆ. ಆಮೇಲೆ ನನ್ನ ಕೈಯಲ್ಲಿದ್ದ ಕರಕಲನ್ನು ನೋಡಿ, "ಇದರ ಹೆಸರೇನು?" ಅಂದರು. ಲಗ್ ಅಂದೆ. ತಗೊಂಡು ಚೀಲಕ್ಕೆ ಹಾಕಿಕೊಂಡರು.

ಮರುದಿನ ದುಡ್ಡು ಕೊಟ್ಟವರ ಜೊತೆ ಆನ್‌ಲೈನ್ ಮೀಟಿಂಗ್. ಯಾರ ತಪ್ಪು ಅಂತ ಮೊದಲನೇ ಪ್ರಶ್ನೆಯೇ ಬಂತು. ಮಾಮಾ ಲಗ್ಗನ್ನು ಕ್ಯಾಮೆರಾ ಮುಂದೆ ಹಿಡಿದರು. "ಪ್ಯಾನೆಲ್ ತಗೊಂಡ್ವಿ, ಟೂಲ್ ತಗೊಳ್ಳಲಿಲ್ಲ. ಆ ಪಟ್ಟಿಗೆ ಸಹಿ ಹಾಕಿದ್ದು ನಾನು. ಬರೆದುಕೊಳ್ಳಿ" ಅಂದರು. ಬರೆದುಕೊಂಡರು.

ಬರೆಯದೇ ಉಳಿದದ್ದು ಇದು. ಪಟ್ಟಿಯಲ್ಲಿ ಕ್ರಿಂಪಿಂಗ್ ಟೂಲ್ ಇತ್ತು. ಮಾಮಾನೇ ಹಾಕಿಸಿದ್ದರು. "ಸುಮ್ನೆ ದುಡ್ಡು ದಂಡ ಮಾಮಾ, ನಾನು ನೋಡ್ಕೋತೀನಿ" ಅಂತ ಹೊಡೆದು ಹಾಕಿಸಿದವನು ನಾನು. ಮೀಟಿಂಗಿನಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಅವರೂ ನನ್ನ ಕಡೆ ತಿರುಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಆ ಮಾತು ಎತ್ತಿಲ್ಲ. ಬೈಯುವುದಕ್ಕೇನೂ ಕಮ್ಮಿ ಮಾಡಿಲ್ಲ, ಲೇಟಾಗಿ ಬಂದರೆ, ಲುಂಗಿ ಉಟ್ಟು ಮೀಟಿಂಗಿಗೆ ಬಂದರೆ ಬೈಯುತ್ತಾರೆ. ಇದೊಂದಕ್ಕೆ ಬೈದಿಲ್ಲ.

ಒಂದು ವಾರ ಬಿಟ್ಟು ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಮೊದಲು ಕಾಡಿನ ಮರೆಯಲ್ಲಿ ಕದ್ದ ಕಚ್ಚಾ ಎಣ್ಣೆ ಕಾಯಿಸುವ ಕಡೆ ವೆಲ್ಡಿಂಗ್ ಮಾಡುತ್ತಿದ್ದವನು. ಸಮಿತಿಯಲ್ಲಿ ಗಲಾಟೆ ಆಯಿತು, ನಾನೂ ಬೇಡ ಅಂದೆ. "ಬೆಂಕಿ ಮೇಲೆ ಸೋರದ ಹಾಗೆ ಡ್ರಮ್ ಬೆಸೆಯೋನು ನಿನ್ನ ತಂತಿ ಬಿಗಿ ಮಾಡಲ್ವಾ?" ಅಂದರು. ಹೊಸ ಟೂಲ್ ಬಂದಾಗ ಮೊದಲ ಲಗ್ ಒತ್ತಿದ್ದು ಅವನೇ. ಈಗ ಪ್ಯಾನೆಲ್ ಒರೆಸುವ ಹುಡುಗರಿಗೆಲ್ಲ ಅವನೇ ಮೇಸ್ತ್ರಿ. ಪಾವಗಡದಲ್ಲಿ ಪ್ಯಾನೆಲ್ ಒರೆಸಿದರೆ ಬಟ್ಟೆ ಕೆಂಪಾಗುತ್ತಿತ್ತು. ಇಲ್ಲಿ ಕಪ್ಪಾಗುತ್ತೆ, ಆ ಕದ್ದ ಎಣ್ಣೆ ಕಾಯಿಸುವ ಹೊಗೆಯ ಮಸಿ. ಒರೆಸಿದ ಬಟ್ಟೆ ಹಿಂಡುವಾಗ ಅವನು ಒಂದು ಸಲ, "ಇದರಲ್ಲಿ ನನ್ನದೂ ಸ್ವಲ್ಪ ಇದೆ ಓಗಾ" ಅಂತ ನಕ್ಕ. ಓಗಾ ಅಂದರೆ ಇಲ್ಲಿ ಯಜಮಾನ.

ಮಾಮಾ ಮಾಡಿದ ಇನ್ನೊಂದು ಕೆಲಸ ಹೇಳಲೇಬೇಕು. ಶಾಲೆಯ ಹಳೇ ಕರಿಹಲಗೆ ತರಿಸಿ ಆರೋಗ್ಯ ಕೇಂದ್ರದ ಗೋಡೆಗೆ ಹೊಡೆಸಿದರು. ಫೋನ್ ಚಾರ್ಜಿಂಗ್‌ನಿಂದ ಎಷ್ಟು ಬಂತು, ಐಸ್ ಮೀನು ಮಾರುವವರ ಫ್ರೀಜರ್‌ನಿಂದ ಎಷ್ಟು, ಬ್ಯಾಟರಿ ನಿಧಿಯಲ್ಲಿ ಎಷ್ಟಿದೆ, ಎಲ್ಲ ಸೀಮೆಸುಣ್ಣದಲ್ಲಿ. ಒಂದು ಕಾಲಂ 'ಈ ವಾರ ಯಾರು ಬಿಗಿ ಮಾಡಿದರು' ಅಂತ. ಅದರ ಮುಂದೆ ಮೊದಲ ಆರು ತಿಂಗಳು ಪ್ರತಿ ವಾರ ನನ್ನ ಹೆಸರು ಇದೆ. ಕರೆಂಟ್ ಕಂಪನಿಯ ಹೆಸರು ಬದಲಾಗಿ ಎಷ್ಟೋ ವರ್ಷ ಆದರೂ ಇಲ್ಲಿ ಲೈನ್ ಬಂದಾಗ ಮಕ್ಕಳು "ಅಪ್ ನೆಪಾ!" ಅಂತ ಕೂಗುತ್ತಾರೆ, ನಮ್ಮಲ್ಲಿ ಇನ್ನೂ ಕೆಇಬಿ ಅಂತೀವಲ್ಲ ಹಾಗೆ. ನಮ್ಮ ಹಳ್ಳಿಯ ಮಕ್ಕಳು ಈಗ ಆ ಕೂಗು ಮರೆತಿದ್ದಾರೆ. ಆರದ ದೀಪಕ್ಕೆ ಯಾಕೆ ಕೂಗಬೇಕು?

ಮಾಮಾ, ಇದನ್ನು ನಾನೇ ಇಲ್ಲಿನ ಬೆರಕೆ ಇಂಗ್ಲಿಷ್ ಪಿಜಿನ್‌ಗೆ ಮಾಡಿ ನಿಮಗೆ ಓದಿ ಹೇಳುತ್ತೇನೆ. ಟೂಲ್ ಬೇಡ ಅಂದಿದ್ದು ನಾನು. ಮುಂದಿನ ಮೀಟಿಂಗಿನಲ್ಲಿ ಅದನ್ನೂ ಬರೆಸುತ್ತೇನೆ, ನೀವು ಬೇಡ ಅಂದರೂ. ಆ ಲಗ್ ಇನ್ನೂ ನಿಮ್ಮ ಚೀಲದಲ್ಲಿ ಸೀಮೆಸುಣ್ಣದ ಜೊತೆ ಇದೆ ಅಂತ ನನಗೆ ಗೊತ್ತು.

ಶನಿವಾರ ಬೀಳ್ಕೊಡುಗೆ. ಅಡುಗೆ ನನ್ನದೇ ಆಗಬೇಕಂತೆ, ಅಪ್ಪಣೆ ಆಗಿದೆ. ಆ ರಾತ್ರಿ ಹುಟ್ಟಿದ ಹುಡುಗಿ ಈಗ ಗೋಡೆ ಹಿಡಿದು ನಡೆಯುತ್ತಾಳೆ, ಅವಳೂ ಬರುತ್ತಾಳೆ. ಮುದ್ದೆ, ಸೊಪ್ಪಿನ ಸಾರು ಮಾಡೋಣ ಅಂತಿದ್ದೇನೆ. ಇವರು ಮರಗೆಣಸಿನ ಹಿಟ್ಟಿನ ಎಬಾ ಸಾರಿಗೆ ಅದ್ದಿ ಹಾಗೇ ನುಂಗುವವರು, ಮುದ್ದೆ ನುಂಗೋದು ಕಲಿಸಬೇಕಾಗಿಲ್ಲ. ನನ್ನ ಹತ್ತಿರ ಎರಡು ಕೆಜಿ ರಾಗಿ ಹಿಟ್ಟಿದೆ, ಸಾಲಲ್ಲ. ಪೋರ್ಟ್ ಹಾರ್ಕೋರ್ಟ್‌ನಿಂದ ಬರುವವರು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತನ್ನಿ.