ಬಿಲ್ಲಿನ ಸೈಟ್ ನಮ್ಮಲ್ಲೇ ತಯಾರಾಗಲಿ

ಸಂಪಾದಕರೇ,

ನಾನು ಹುಬ್ಬಳ್ಳಿಯಲ್ಲಿ ಲೇತ್ ಕೆಲಸ ಮಾಡುವವನು. ಬಿಲ್ಲುಗಾರಿಕೆ ಕಲಿಯುವ ಮಗಳಿಗೆ ಬಿಲ್ಲಿಗೆ ಕೂರಿಸಿ ಗುರಿ ಹೊಂದಿಸುವ ಸಾಧನ, ಅಂದರೆ ಸೈಟ್, ನಾನೇ ಮಾಡಿಕೊಟ್ಟೆ. ಮೊದಲು 6 ಮಿ.ಮೀ. ಸ್ಕ್ರೂ ಹಾಕಿದ್ದೆ. ಸ್ಕ್ರೂ ಒಂದು ಸುತ್ತು ತಿರುಗಿಸಿದರೆ ಸೈಟ್ 1 ಮಿ.ಮೀ. ಸರಿಯುತ್ತಿತ್ತು. ಅಷ್ಟೇ ಅಲ್ವಾ ಅನಿಸಬಹುದು. ಆದರೆ 70 ಮೀಟರ್ ದೂರದಲ್ಲಿ ಅಷ್ಟಕ್ಕೇ ಬಾಣ ಸುಮಾರು 8 ಸೆಂ.ಮೀ. ಸರಿಯುತ್ತದೆ. ಹತ್ತು ಅಂಕದ ವೃತ್ತದ ಅಗಲವೇ 12.2 ಸೆಂ.ಮೀ.! ಆಮೇಲೆ ಒಂದು ಸುತ್ತಿನಲ್ಲಿ ಅರ್ಧ ಮಿ.ಮೀ. ಮಾತ್ರ ಸರಿಯುವ 3 ಮಿ.ಮೀ. ಸ್ಕ್ರೂ ಹಾಕಿ, ಪ್ರತಿ ಸುತ್ತಿನಲ್ಲೂ ತಿರುಗಿಸುವಾಗ ನಿಲ್ಲುವಂತೆ 8 ಕಚ್ಚು ಕೊಟ್ಟೆ. ಈಗ ಒಂದು ಕಚ್ಚಿಗೆ ಬಾಣ ಅರ್ಧ ಸೆಂ.ಮೀ. ಮಾತ್ರ ಸರಿಯುತ್ತದೆ. ಬಾಣ ಗುರಿಗಿಂತ ಕೆಳಗೆ ಬಿದ್ದರೆ ಸೈಟನ್ನೂ ಕೆಳಗಿಳಿಸಬೇಕು. ಇದನ್ನು ನನಗೆ ಕಲಿಸಿದ್ದು ಮಗಳೇ.

ಐಟಿಐ, ಪಾಲಿಟೆಕ್ನಿಕ್ ಮಕ್ಕಳಿಗೆ ಇದನ್ನೇ ಪ್ರಾಜೆಕ್ಟ್ ಕೊಡಿ. ಕೊಳ್ಳಲು ದುಡ್ಡಿಲ್ಲದ ಎಷ್ಟೋ ಮಕ್ಕಳ ಬಿಲ್ಲಿಗೆ ಸೈಟ್ ಸಿಗುತ್ತದೆ.

– ಒಬ್ಬ ತಂದೆ, ಹುಬ್ಬಳ್ಳಿ